ಪೆನ್‌ಡ್ರೈವ್ ಮಾರ್ಕ್ ಆಗುವಾಗ ಆಕ್ಷೇಪಣೆ ಎತ್ತಬೇಕಾ, ಸುಮ್ನಿರಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ತಾಲ್ಲೂಕು ಕೋರ್ಟಿನಲ್ಲಿ ಎರಡು ವರ್ಷದ ಪ್ರಾಕ್ಟೀಸು, ಆರೋಪಿ ಪರ ವಕಾಲತ್ತು. ಪ್ರಾಸಿಕ್ಯೂಷನ್‌ನವರು ಅಂಗಡಿಯ ಸಿಸಿಟಿವಿ ದೃಶ್ಯದ ಪೆನ್‌ಡ್ರೈವ್ ತಂದು ಮಾರ್ಕ್ ಮಾಡಿಸಲು, ಅಂದರೆ ಸಾಕ್ಷ್ಯವಾಗಿ ನಂಬರು ಹಾಕಿ ಗುರುತಿಸಲು, ಹೊರಟಿದ್ದಾರೆ. ಆ ಡಿಜಿಟಲ್ ದಾಖಲೆಯನ್ನು ದೃಢೀಕರಿಸುವ ಸರ್ಟಿಫಿಕೇಟ್ ಸರಿಯಿಲ್ಲ. ಈಗಲೇ ಆಕ್ಷೇಪಣೆ ಎತ್ತಿದರೆ ಸರಿಮಾಡಿಕೊಂಡು ಬಂದುಬಿಡುತ್ತಾರೆ, ವಾದದ ದಿನದವರೆಗೆ ಬಾಯಿ ಬಿಡದೆ ಇರಲಾ ಅಂತ ಕೇಳಿದ್ದೀರಿ.

ಇರಬೇಡಿ. ನಾನು ಹಾಗೆ ಇದ್ದು ಕೆಟ್ಟವನು. ಹಳೆಯ ಕೇಸೊಂದರಲ್ಲಿ ಫೋನ್ ಕರೆಗಳ ಪಟ್ಟಿ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಂನ ಸರ್ಟಿಫಿಕೇಟ್ ಇಲ್ಲದೆಯೇ ಮಾರ್ಕ್ ಆಯಿತು. ಒಳ್ಳೇ ಅಸ್ತ್ರ ಸಿಕ್ಕಿತು ಅಂತ ಒಳಗೊಳಗೇ ಖುಷಿಪಟ್ಟು ಸುಮ್ಮನೆ ಕೂತಿದ್ದೆ. ವಾದದಲ್ಲಿ ಹೇಳಿದರೆ ನ್ಯಾಯಾಧೀಶರು, 'ಮಾರ್ಕ್ ಮಾಡುವಾಗ ಎಲ್ಲಿದ್ರಿ ವಕೀಲರೇ?' ಅಂದರು. 2017ರಲ್ಲೇ ಹರಿಯಾಣದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿಬಿಟ್ಟಿದೆ. ಸರ್ಟಿಫಿಕೇಟ್ ಇಲ್ಲ ಅನ್ನೋದು ರುಜುವಾತು ಮಾಡುವ ವಿಧಾನದ ತಕರಾರು. ಅದನ್ನು ಮಾರ್ಕ್ ಮಾಡುವಾಗಲೇ ಎತ್ತಬೇಕು, ಅಪೀಲಿನಲ್ಲಿ ಮೊದಲ ಸಲ ಎತ್ತುವ ಹಾಗಿಲ್ಲ.

ಎತ್ತಿದರೆ ಸರಿಮಾಡಿಕೊಳ್ಳುತ್ತಾರೆ ಅನ್ನೋ ನಿಮ್ಮ ಭಯ ನಿಜ. ಸುಪ್ರೀಂ ಕೋರ್ಟಿನ 2020ರ ಅರ್ಜುನ್ ಪಂಡಿತ್‌ರಾವ್ ತೀರ್ಪು ಸರ್ಟಿಫಿಕೇಟ್ ಕಡ್ಡಾಯ ಅಂದರೂ, ವಿಚಾರಣೆ ಮುಗಿಯುವ ಮುಂಚೆ ತಂದು ಕೊಡಲು ಬಾಗಿಲು ತೆರೆದಿಟ್ಟಿದೆ. ತರಲಿ ಬಿಡಿ. ತಡವಾಗಿ ಬಂದ ಕಾಗದದಲ್ಲಿ ಪಾಟೀಸವಾಲಿಗೆ ಸರಕು ಜಾಸ್ತಿ ಇರುತ್ತದೆ.

ಅದಕ್ಕೂ ಮೊದಲು ತಾರೀಖು ನೋಡಿ. 2024ರ ಜುಲೈ 1ಕ್ಕೆ ಮುಂಚೆಯೇ ತನಿಖೆಯೋ ವಿಚಾರಣೆಯೋ ನಡೆಯುತ್ತಿದ್ದರೆ ಹಳೆಯ ಸಾಕ್ಷ್ಯ ಕಾಯ್ದೆಯೇ, 65ಬಿಯೇ. ಎಫ್‌ಐಆರ್ ಆಮೇಲೆ ಆಗಿದ್ದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ.

ಹೊಸ ಸರ್ಟಿಫಿಕೇಟಿನ ನಮೂನೆ ಕಾಯ್ದೆಯ ಅನುಸೂಚಿಯಲ್ಲೇ ಇದೆ. ಎ ಭಾಗಕ್ಕೆ ದಾಖಲೆ ಹಾಜರುಪಡಿಸುವವರ ಸಹಿ, ಬಿ ಭಾಗಕ್ಕೆ ಪರಿಣತರ ಸಹಿ. ಎರಡರಲ್ಲೂ ಹ್ಯಾಶ್ ವ್ಯಾಲ್ಯೂ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಅಂದುಕೊಳ್ಳಿ. ದೃಶ್ಯದಲ್ಲಿ ಒಂದು ಚೂರು ಬದಲಾದರೂ ಅದು ಪೂರ್ತಿ ಬೇರೆಯೇ ಆಗುತ್ತದೆ. ಆದರೆ ಅದು ಲೆಕ್ಕ ಹಾಕಿದ ದಿನದ ಫೈಲಿಗೆ ಮಾತ್ರ ಸಾಕ್ಷಿ. ಜಪ್ತಿ ಆಗಿ ವರ್ಷದ ಮೇಲೆ ತೆಗೆದ ಹ್ಯಾಶ್, ಆ ವರ್ಷದಲ್ಲಿ ಪೆನ್‌ಡ್ರೈವ್ ಯಾರ ಕೈಯಲ್ಲಿ ಏನಾಯಿತು ಅಂತ ಹೇಳುವುದಿಲ್ಲ. ನಿಮ್ಮ ಪಾಟೀಸವಾಲು ಕೂರಬೇಕಾದ ಜಾಗ ಇದೇ.

ಮಹಜರು, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ, ಸರ್ಟಿಫಿಕೇಟ್ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ಮಹಜರಿನಲ್ಲಿ ಹ್ಯಾಶ್ ಇದೆಯಾ? ಪೆನ್‌ಡ್ರೈವ್ ಸೀಲ್ ಮಾಡಿದ್ದು ಎಲ್ಲಿ, ಅಂಗಡಿಯಲ್ಲಾ ಠಾಣೆಯಲ್ಲಾ? ಡಿವಿಆರ್ (ಸಿಸಿಟಿವಿ ದೃಶ್ಯ ಉಳಿಸಿಕೊಳ್ಳುವ ಪೆಟ್ಟಿಗೆ) ಜಪ್ತಿ ಮಾಡಲಿಲ್ಲ ಯಾಕೆ? ಡಿವಿಆರ್ ಗಡಿಯಾರ ಸರಿಯಾದ ಟೈಮ್ ತೋರಿಸುತ್ತಿತ್ತಾ? ಅಂಗಡಿಯವರು ಎ ಭಾಗಕ್ಕೆ ಸಹಿ ಹಾಕಿದ್ದರೆ ಅದನ್ನು ಭರ್ತಿ ಮಾಡಿದ್ದು ಯಾರು ಅಂತ ಮೆತ್ತಗೆ ಕೇಳಿ. 'ಸಾಹೇಬರು ಬರೆದರು, ನಾನು ಸೈನ್ ಹಾಕಿದೆ' ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಪ್ರಶ್ನೆಯ ಆಸೆಗೆ ಬಿದ್ದರೆ, 'ಓದಿ ನೋಡಿಯೇ ಹಾಕಿದ್ದು' ಅಂತ ಅವರೇ ತೇಪೆ ಹಾಕುತ್ತಾರೆ. ಉಳಿದದ್ದನ್ನು ತನಿಖಾಧಿಕಾರಿಗೆ ಇಟ್ಟುಕೊಳ್ಳಿ.

ಆಕ್ಷೇಪಣೆ ಎತ್ತುವಾಗ ಭಾಷಣ ಬೇಡ. '63(4)ರ ಪ್ರಕಾರ ಸರಿಯಾದ ಸರ್ಟಿಫಿಕೇಟ್ ಇಲ್ಲ, ಗುರುತಿಸಲು ಆಕ್ಷೇಪಣೆ ಇದೆ' ಅಂದರೆ ಸಾಕು. ಸಾಕ್ಷಿ ಹೇಳಿಕೆಯ ಹಾಳೆಯಲ್ಲಿ ಅದು ಟೈಪ್ ಆಗಿದೆಯಾ ಅಂತ ಅಲ್ಲೇ ಓದಿಕೊಳ್ಳಿ. ಆಗಿಲ್ಲ ಅಂದರೆ ಅದೇ ದಿನ ಮೆಮೊ ಕೊಡಿ.

ಸೈಟೇಷನ್ ಕೊಡುವ ಮುಂಚೆ ತೀರ್ಪನ್ನು ನೀವೇ ತೆರೆದು ಓದಿ. ಎಐ ಹೇಳಿತು ಅಂತ ಬರೆದುಕೊಂಡು ಹೋಗಬೇಡಿ. 2025ರಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟೊಂದರ ಆದೇಶದೊಳಗೇ, ಎಲ್ಲೂ ಇಲ್ಲದ ತೀರ್ಪುಗಳು ನುಸುಳಿದ್ದವು, ನಮ್ಮ ಹೈಕೋರ್ಟ್ ಗರಂ ಆಯಿತು.

ಅಂದಹಾಗೆ, ಪೆನ್‌ಡ್ರೈವಿನ ಪ್ರತಿ ನಿಮ್ಮ ಕೈಗೆ ಬಂದಿದೆಯಾ? ಪ್ರಶ್ನೆಯಲ್ಲಿ ಆ ಮಾತೇ ಇಲ್ಲ. ಮೆಮೊರಿ ಕಾರ್ಡಿನಲ್ಲಿರುವುದೂ ದಾಖಲೆಯೇ, ಆರೋಪಿಗೆ ಪ್ರತಿ ಕೊಡಬೇಕು ಅಂತ 2019ರಲ್ಲಿ ಕೇರಳದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂತ್ರಸ್ತರ ಖಾಸಗಿತನದ ವಿಷಯ ಇದ್ದರೆ ಮಾತ್ರ ನೋಡಲು ಬಿಟ್ಟರೆ ಸಾಕು. ನಿಮ್ಮದು ಅಂಗಡಿ ಸಿಸಿಟಿವಿ, ಆ ತೊಡಕಿಲ್ಲ. ಮುಂದಿನ ತಾರೀಖಿಗೆ ಮೊದಲು ಅರ್ಜಿ ಹಾಕಿ.