ಲಿಮೋಜ್ 2000ದಲ್ಲಿ ಚಾಂಪಿಯನ್, ಮರುವರ್ಷ ಮೇಲಿನ ಡಿವಿಷನ್‌ನಲ್ಲೇ ಇಲ್ಲ ಯಾಕೆ?

ಫ್ರಾನ್ಸಿನ ಬಾಸ್ಕೆಟ್‌ಬಾಲ್ ಕ್ಲಬ್ ಲಿಮೋಜ್ ಬಗ್ಗೆ ನೀವು ಮಾಡಿದ ವರ್ಷವಾರು ಪಟ್ಟಿ ತಪ್ಪಿಲ್ಲ, ದುಡ್ಡಿನ ಕಥೆ ಅದು. ಲಿಮೋಜ್ ಸಿಎಸ್‌ಪಿ 2000ದಲ್ಲಿ ಫ್ರೆಂಚ್ ಲೀಗ್, ಫ್ರೆಂಚ್ ಕಪ್, ಯುರೋಪಿನ ಕ್ಲಬ್‌ಗಳ ಕೊರಾಚ್ ಕಪ್ ಮೂರನ್ನೂ ಗೆದ್ದಿತು. ಆದರೆ ಕ್ಲಬ್ಬಿನ ಹಣಕಾಸು ಹದಗೆಟ್ಟಿತ್ತು. ಅದಕ್ಕೇ ಗೆದ್ದ ತಂಡವನ್ನೇ ಎರಡನೇ ಹಂತದ ಪ್ರೊ ಬಿಗೆ ಇಳಿಸಿದರು. ವಿಚಿತ್ರ, ಅಲ್ವಾ?

ಮೊದಲು ‘ಆಟದಲ್ಲಿ ಬಂದ ಸ್ಥಾನ’, ‘ಮುಂದಿನ ಸೀಸನ್ ಆಡಿದ ಡಿವಿಷನ್’ ಅಂತ ಎರಡು ಕಾಲಂ ಮಾಡಿ. ಒಂದೇ ಕಾಲಂ ಇಟ್ಟರೆ 2004ರಲ್ಲೂ ಗೊಂದಲ ಆಗುತ್ತದೆ. ಆಗ ಮತ್ತೆ ದುಡ್ಡಿನ ತಾಪತ್ರಯ, ಮೂರನೇ ಹಂತದಿಂದ ಶುರು ಮಾಡಬೇಕಾಯಿತು. ಆಮೇಲೆ ಲೀಗ್ ಪ್ರಶಸ್ತಿ ಎಣಿಸಿ, 11 ಬರಬೇಕು. ನಿಮಗೆ 9 ಬಂದಿದ್ದರೆ ಬಹುಶಃ 2014, 2015 ಬಿಟ್ಟುಹೋಗಿವೆ.

ಯುರೋಪಿನ ದೊಡ್ಡ ಕಪ್ ಗೆದ್ದ ಮೊದಲ ಫ್ರೆಂಚ್ ಕ್ಲಬ್ ಅಂತ ಮಾರ್ಸೇ ಹೆಸರು ಬರೆದಿದ್ದೀರಲ್ಲ, ಅದು ಫುಟ್‌ಬಾಲ್‌ಗೆ ಮಾತ್ರ ಸರಿ. ಅವರು ಗೆದ್ದದ್ದು 1993ರ ಮೇ ತಿಂಗಳಲ್ಲಿ. ಲಿಮೋಜ್ ಅದೇ ವರ್ಷದ ಏಪ್ರಿಲ್‌ನಲ್ಲೇ ಬಾಸ್ಕೆಟ್‌ಬಾಲ್‌ನ ದೊಡ್ಡ ಕಪ್ ಫೈನಲ್‌ನಲ್ಲಿ, ಅಥೆನ್ಸ್‌ನಲ್ಲಿ, ಇಟಲಿಯ ಟ್ರೆವಿಸೋ ತಂಡವನ್ನು 59-55ರಿಂದ ಸೋಲಿಸಿತ್ತು. ಆ ಸಾಲಿನಲ್ಲಿ ‘ಫುಟ್‌ಬಾಲ್’ ಅಂತ ಸೇರಿಸಿದರೆ ಸಾಕು.