ಯುಎಸ್‌ಬಿ ಬೋರ್ಡ್ ಕಾಣುತ್ತದೆ, ಆದರೆ ಸೀರಿಯಲ್ ಪೋರ್ಟ್ ಬರುವುದಿಲ್ಲ, ಯಾಕೆ?

ಲಿನಕ್ಸ್‌ನಲ್ಲಿ ಎಫ್‌ಟಿಡಿಐ (ಯುಎಸ್‌ಬಿಯನ್ನು ಸೀರಿಯಲ್‌ಗೆ ಬದಲಿಸುವ) ಚಿಪ್ಪಿನ ಬೋರ್ಡ್, ಸಿಕ್ಕಿಸಿದ ಯುಎಸ್‌ಬಿ ಸಾಧನಗಳನ್ನು ತೋರಿಸುವ ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡಿನ ಪಟ್ಟಿಯಲ್ಲಿ ಕಾಣುತ್ತಿದೆ ಅಂದರೆ ಕೇಬಲ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕರ್ನಲ್ ಸಾಧನದ ಗುರುತನ್ನು ಡ್ರೈವರಿನ ಐಡಿ ಪಟ್ಟಿಯ ಜೊತೆ ಹೋಲಿಸುತ್ತದೆ. ಹೊಂದದಿದ್ದರೆ ಡ್ರೈವರಿನ ಪ್ರೋಬ್ ಫಂಕ್ಷನ್ (ಸಾಧನವನ್ನು ವಹಿಸಿಕೊಳ್ಳುವ ಭಾಗ) ಕರೆಯುವುದೇ ಇಲ್ಲ. ಮಾಮೂಲಿ ಗುರುತು 0403:6001; ಮೊದಲನೆಯದು ಕಂಪನಿಯ ಸಂಖ್ಯೆ, ಎರಡನೆಯದು ಉತ್ಪನ್ನದ್ದು. ತಯಾರಕರು ಎರಡನೇ ಸಂಖ್ಯೆ ಬದಲಿಸಿದ್ದರೆ ಪಟ್ಟಿಯಲ್ಲಿ ಅದು ಇಲ್ಲದಿರಬಹುದು, ಅಲ್ವಾ?

ಮೊದಲು ಡ್ರೈವರ್ ಲೋಡ್ ಮಾಡಿ. ರೂಟ್ ಆಗಿ ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿ ತೋರಿಸುವ /sys ಫೋಲ್ಡರ್) ಅದರ ‘ನ್ಯೂ ಐಡಿ’ (new_id) ಕಡತಕ್ಕೆ ನಿಮ್ಮ ಬೋರ್ಡಿನ ಎರಡೂ ಸಂಖ್ಯೆಗಳನ್ನು ಬರೆಯಿರಿ. ಪೋರ್ಟ್ ಬಂದರೆ ರೋಗ ಇದೇ. ರೀಬೂಟ್ ಆದರೆ ಇದು ಅಳಿಸಿಹೋಗುತ್ತದೆ. ಡ್ರೈವರಿನಲ್ಲೇ ಕಾಯಂ ಆಗಬೇಕಾದರೆ ಅದರ ಸೋರ್ಸ್‌ನ ಐಡಿ ಪಟ್ಟಿಗೆ ಒಂದು ಸಾಲು ಸೇರಿಸಿ ಮಾಡ್ಯೂಲನ್ನು (ಡ್ರೈವರಿನ ಕಡತ) ಮತ್ತೆ ಬಿಲ್ಡ್ ಮಾಡಬೇಕು. ಪಟ್ಟಿಯ ಕೊನೆಯ ಖಾಲಿ ನಮೂದಿಗಿಂತ ಮೇಲೆಯೇ ಸೇರಿಸಿ; ಕೆಳಗೆ ಹಾಕಿದರೆ ಕರ್ನಲ್ ಅಲ್ಲಿಯವರೆಗೆ ಓದುವುದಿಲ್ಲ. ಇನ್‌ಸ್ಟಾಲ್ ಮಾಡಿ, ಮಾಡ್ಯೂಲ್‌ಗಳ ಪಟ್ಟಿ ಹೊಸದಾಗಿ ಮಾಡುವ ಡೆಪ್‌ಮಾಡ್ (depmod) ಓಡಿಸಿ, ಹಳೆಯ ಮಾಡ್ಯೂಲ್ ತೆಗೆದು ಬೋರ್ಡನ್ನು ಮತ್ತೆ ಚುಚ್ಚಿ.