ಅಪ್ಪನ ವಾಲ್ವ್ ರೇಡಿಯೋ ಮತ್ತೆ ಹಾಡೀತೇ?

ಪ್ರಶ್ನೆ: ಅಟ್ಟದಲ್ಲಿ ಅಪ್ಪನ ವಾಲ್ವ್ ರೇಡಿಯೋ ಸಿಕ್ಕಿತು, ಜೊತೆಗೆ ಅದರ ಹಳೆಯ ಕ್ಯಾಟಲಾಗ್ ಕೂಡ. ಮೂವತ್ತು ವರ್ಷಗಳಿಂದ ಯಾರೂ ಮುಟ್ಟಿಲ್ಲ. ಪ್ಲಗ್ ಹಾಕಿ ನೋಡಬಹುದೇ?
– ಓದುಗರೊಬ್ಬರು, ತಿಪಟೂರು

ಉತ್ತರ: ದಯವಿಟ್ಟು ಹಾಕಬೇಡಿ. ಒಳಗಿರುವ ಮೇಣದ ಕಾಗದದ ಕೆಪಾಸಿಟರ್‌ಗಳು, ಅಂದರೆ ವಿದ್ಯುತ್ ಹಿಡಿದಿಡುವ ಬಿಡಿಭಾಗಗಳು, ವಯಸ್ಸಾದಂತೆ ವಿದ್ಯುತ್ ಸೋರಲು ಬಿಡುತ್ತವೆ. ಆಗ ಸ್ಪೀಕರ್‌ಗೆ ಶಕ್ತಿ ಕೊಡುವ ಗಾಜಿನ ಕೊಳವೆ, ಅಂದರೆ ಔಟ್‌ಪುಟ್ ವಾಲ್ವ್, ಕೆಂಪಗೆ ಕಾದು ಕೆಡುತ್ತದೆ, ಟ್ರಾನ್ಸ್‌ಫಾರ್ಮರ್ ಕೂಡ ಸುಡಬಹುದು. ಹದಿನೆಂಟರ ಅವಸರದಲ್ಲಿ ನನ್ನ ಸೋದರಮಾವನ ರೇಡಿಯೋವನ್ನು ನಾನು ಹೀಗೆಯೇ ಕಳೆದೆ. ಆ ಕರಗಿದ ಮೇಣದ ವಾಸನೆ ಇನ್ನೂ ಮೂಗಿನಲ್ಲಿದೆ.

ವಾಲ್ವ್ ಬಲ್ಲ ಹಳೆಯ ರಿಪೇರಿಯವರಿಗೇ ಕೊಡಿ. ಅವರು ಮೊದಲು ಆ ಕೆಪಾಸಿಟರ್‌ಗಳನ್ನು ಬದಲಿಸಿ, 60 ವ್ಯಾಟ್‌ನ ಹಳೆಯ ಮಾದರಿಯ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿ ವಿದ್ಯುತ್ ಕೊಡುತ್ತಾರೆ. ಬಲ್ಬ್ ಪೂರ್ತಿ ಬೆಳಗಿಯೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದರ್ಥ. ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಇನ್ನೂರು ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು.

ಕ್ಯಾಟಲಾಗನ್ನು ಮಾತ್ರ ರದ್ದಿಗೆ ಹಾಕಲೇಬೇಡಿ. ವಾಲ್ವುಗಳ ಮಾದರಿ ಸಂಖ್ಯೆ ಅದರಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಪುಟಗಳನ್ನು ಮೆಲ್ಲನೆ ತಿರುವಿ, ಅಪ್ಪ ಪೆನ್ಸಿಲ್‌ನಲ್ಲಿ ಯಾವ ಮಾದರಿಗೆ ಗುರುತು ಹಾಕಿದ್ದರೆಂದು ನೋಡಿ. ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಿದ ರೇಡಿಯೋ ಲೈಸೆನ್ಸ್ ಪುಸ್ತಕವೂ ಅದರೊಳಗೇ ಇದ್ದೀತು.

ರಿಪೇರಿಯಾಗಿ ಬಂದ ದಿನ ಅರ್ಧ ನಿಮಿಷ ಕಾಯಿರಿ, ವಾಲ್ವ್ ಬಿಸಿಯಾಗಲಿ. ಮೀಡಿಯಂ ವೇವ್‌ನಲ್ಲಿ ಮುಳ್ಳನ್ನು 490 ಮೀಟರ್ ಹತ್ತಿರ ತನ್ನಿ. 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಯ ಜಾಗ ಅದು.